ಎದುರು ಕಟ್ಟೆಯ ಹೂಂ

ನನ್ನ ಮೊಮ್ಮಗಳು ಹೈಸ್ಕೂಲಿಗೆ ಹೋದಳು. ಇದನ್ನು ಬರೆಯುವಾಗಲೂ ಕೈ ಕುಣಿಯುತ್ತದೆ. ಕುರಿ ಕಾಯ್ದ ಮನೆತನದ ಹೆಣ್ಣುಮಗಳು ಪುಸ್ತಕ ಎದೆಗವಚಿಕೊಂಡು ಶಹಾಪುರದ ಓಣಿಯಲ್ಲಿ ನಡೆದರೆ, ನಾನು ಉಣ್ಣೆ ನೂಲುವುದನ್ನು ನಿಲ್ಲಿಸಿ, ಅವಳು ತಿರುವು ದಾಟುವತನಕ ನೋಡುತ್ತಿದ್ದೆ. ನಾನು ಓದಿದ್ದು ಅಯ್ಯನವರ ಮಠದಲ್ಲಿ ಎರಡು ಮಳೆಗಾಲ, ಅಷ್ಟೇ.

ನಿಜಾಮರ ರಾಜ್ಯ ಹೋಗಿ ನಮ್ಮ ಸೀಮೆ ಹಿಂದುಸ್ತಾನಕ್ಕೆ ಸೇರಿದ ಹೊಸತು. ಉರ್ದುವಿನಲ್ಲಿ ನಡೆಯುತ್ತಿದ್ದ ಪಾಠಗಳು ಕನ್ನಡಕ್ಕೆ ತಿರುಗಿದ್ದವು. ಮಕ್ಕಳು ಮಾತಾಡುವುದು ಕನ್ನಡವೇ ಆದರೂ ಬರೆದು ರೂಢಿಯಾದದ್ದು ಉರ್ದು. ಪುಸ್ತಕದ ಕನ್ನಡವೋ, ಮೊದಲ ಸಲ ಮನೆಗೆ ಬಂದ ನೆಂಟರ ಹಾಗೆ ಬಿಗಿದುಕೊಂಡು ಕೂತಿರುತ್ತಿತ್ತು. ಧಾರವಾಡದ ಕಡೆಯಿಂದ ಬಂದ ಮಾಸ್ತರರು ಇದನ್ನು ಕಂಡು, ದಿನಾ ಸಂಜೆ ಮನೆಯ ಹಿರಿಯರೊಬ್ಬರ ಮುಂದೆ ಪಾಠ ಓದಬೇಕು ಎಂದು ಎಲ್ಲ ಮಕ್ಕಳಿಗೂ ಹೇಳಿದರು. ನಮ್ಮಲ್ಲಿ ಯಾರಾದರೂ ಕಥೆ ಹೇಳಿದರೆ ಒಬ್ಬರು ‘ಹೂಂ’ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಂತೆ. ಈಗ ಓದುವ ಮಕ್ಕಳಿಗೂ ಹೂಂ ಅನ್ನುವವರು ಬೇಕಾದರು.

ನಾನಿದ್ದೆನಲ್ಲ! ಮೊದಲ ಸಂಜೆ ಕೈಕಾಲು ತೊಳೆದು, ರುಮಾಲು ಸುತ್ತಿಕೊಂಡು ಕೂತೆ. ಎರಡನೆಯ ಸಂಜೆ ಅವಳು ಪುಸ್ತಕ ಎತ್ತಿಕೊಂಡು ಓಣಿ ದಾಟಿಬಿಟ್ಟಳು.

“ನೀ ಸುಮ್ನ ಕೂಡಂಗಿಲ್ಲ ಮುತ್ಯಾ. ಒಂದು ಸಾಲು ಓದಿದ್ರ ನಾಕು ಮಾತು ಕೇಳ್ತಿ. ನಾ ಆ ಮುತ್ಯಾನ ಮುಂದ ಓದ್ತೀನಿ.”

ಆ ಮುತ್ಯಾ ಎಂದರೆ ಅವಳ ತಾಯಿಯ ತಂದೆ, ನನ್ನ ಬೀಗ. ಎದುರು ಮನೆಯೇ ಅವನದು. ಅವಳು ಓದುವುದು, ಅವನು ಹೂಂ ಅನ್ನುವುದು. ಅವನ ಒಂದೊಂದು ಹೂಂ ನನ್ನ ಎದೆಗೆ ಬಂದು ಬಡಿಯುತ್ತಿತ್ತು.

“ಬೀಗ್ರ, ಸ್ವಲ್ಪ ಮೆಲ್ಲಕ ಹೂಂ ಅನ್ರಿ. ನಮ್ ಕುರಿ ಬೆದರಾಕತ್ತಾವು,” ಎಂದು ಈಚೆಯಿಂದ ಕೂಗಿದೆ.

“ಬೆದರಾಕತ್ತಿದ್ದು ಕುರಿನೋ, ಕುರಿ ಮಾಲಕನೋ? ಹೊಟ್ಟಿಯೊಳಗ ಉರಿ ಹತ್ತಿದ್ರ ಹೇಳ್ರಿ, ಒಂದು ಕೊಡ ನೀರು ಕಳಸ್ತೀನಿ!”

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಸುರಪುರದ ಸಂತೆಗೆ ಕಂಬಳಿ ಮಾರಲು ಹೋದಾಗ ಬೆಂಡು ಬೆತ್ತಾಸು ತಂದು ಮೊಮ್ಮಗಳ ಕೈಗಿಟ್ಟೆ. ತಿಂದಳು, ಬಾಯಿ ಒರೆಸಿಕೊಂಡಳು, ಓಣಿ ದಾಟಿದಳು. ಅರ್ಧ ಬೆಂಡನ್ನು ಅವನಿಗೂ ಒಯ್ದಿದ್ದಳು!

ಒಂದು ಸಂಜೆ ಮಾಸ್ತರರೇ ನಮ್ಮ ಓಣಿಗೆ ಬಂದರು. ಬೀಗನ ಕಟ್ಟೆಯ ಮೇಲೆ ಮೊಮ್ಮಗಳು ನೀರು ಹರಿದ ಹಾಗೆ ಓದಿದಳು. ಹಳ್ಳಿಯವರು ಕೆರೆ ತೋಡಿದ ಪಾಠ, ಅದರಲ್ಲಿ ಹೊಲ ಕೊಡಲು ಒಪ್ಪದ ಒಬ್ಬ ಮುದುಕ. ಮಾಸ್ತರರು ಪುಸ್ತಕ ಮುಚ್ಚಿ, “ಈಗ ನಿನ್ನ ಮಾತಿನಾಗ ಹೇಳು ತಂಗಿ,” ಎಂದರು. ಹುಡುಗಿ ಮುಚ್ಚಿದ ಪುಸ್ತಕವನ್ನೇ ನೋಡಿದಳು. ಅವರು ಬೀಗನ ಕಡೆ ತಿರುಗಿದರು.

“ಯಜಮಾನ್ರ, ನೀವಾದ್ರೂ ಹೇಳ್ರಿ. ಮುದುಕ ಯಾಕ ಒಪ್ಪಲಿಲ್ಲ?”

ಬೀಗ ರೂಢಿಯಂತೆ, “ಹೂಂ,” ಎಂದ.

ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆದರೆ ಮೊಮ್ಮಗಳ ಕಣ್ಣು ತುಂಬಿದ್ದು ಕಂಡು ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡೆ.

“ಓದಾಕ ಬಂದೈತಿ, ತಿಳಿಯೂದು ಬರಬೇಕು,” ಎಂದರು ಮಾಸ್ತರರು. “ನಡುನಡುವ ತಡದು ಕೇಳವ್ರು ಯಾರರ ಅದಾರೇನು?”

ಅವಳು ಮೂಗೊರೆಸಿಕೊಂಡು ನನ್ನ ಕಡೆ ಬೆರಳು ಮಾಡಿದಳು. “ಅಲ್ಲಿ ಕುಂತಾನ್ರಿ. ಕೇಳಿ ಕೇಳಿ ತಲಿ ತಿಂತಾನ.”

ಅಂಥ ಹೊಗಳಿಕೆ ನನ್ನ ಜನ್ಮದಲ್ಲಿ ಕೇಳಿರಲಿಲ್ಲ!

ಮರುದಿನದಿಂದ ಓದು ನಮ್ಮ ಕಟ್ಟೆಯ ಮೇಲೆ. ಆ ಹೊಲ ಕಪ್ಪು ಮಣ್ಣಿನದೋ, ಕಲ್ಲು ತುಂಬಿದ ಮರಡಿಯೋ? ಕೆರೆ ಅಲ್ಲೇ ಯಾಕೆ ಬೇಕಿತ್ತು? “ಪುಸ್ತಕದಾಗ ಇಲ್ಲ ಮುತ್ಯಾ,” ಎನ್ನುವಳು. “ಮತ್ತೊಮ್ಮೆ ನೋಡು,” ಎನ್ನುವೆ. ಹಿಂದಿನ ಸಾಲಿಗೆ ಹೋಗಿ ಹುಡುಕುವಳು. ಕೆಲವು ಸಿಗುತ್ತಿದ್ದವು, ಕೆಲವನ್ನು ತಾನೇ ಯೋಚಿಸಿ ಹೇಳುವಳು. ನಾನು ಹಿಗ್ಗಿ ಹೀರೇಕಾಯಿ. ಬೀಗನೂ ಬಂದು ಕಟ್ಟೆಯ ತುದಿಗೆ ಸುಮ್ಮನೆ ಕೂತಿರುತ್ತಿದ್ದ. ಕೂಡಲಿ ಪಾಪ ಎಂದುಕೊಂಡೆ.

ಹಾಗೆ ಕೂತವನು ಒಂದು ಸಂಜೆ ಮೆಲ್ಲಗೆ ಬಾಯಿ ತೆರೆದ. “ಕಡೀಕ ಹೊಲ ಕೊಟ್ಟನಲ್ಲವ್ವ, ಕೊಡೂ ಮುಂದ ಮನ್ಯಾಗ ಮುದುಕಿನ್ನ ಕೇಳಿದ್ನೇನು?”

ಮೊಮ್ಮಗಳು ಪುಸ್ತಕ ಕೆಳಗಿಟ್ಟಳು. ಆ ಪಾಠದಲ್ಲಿ ಮುದುಕಿಯೇ ಇರಲಿಲ್ಲ. ಇವಳು ಆಕೆಯನ್ನು ತಂದು ನಿಲ್ಲಿಸಿದಳು. ಆಕೆ ಆ ಹೊಲದಲ್ಲಿ ಕಳೆ ಕಿತ್ತದ್ದು, ಬದುವಿನ ಮೇಲೆ ಕೂಸು ಮಲಗಿಸಿದ್ದು, ನೀರಿನ ಕೊಡ ಹೊತ್ತು ಸಾಕಾಗಿ ಕೊನೆಗೆ “ಕೊಟ್ಟುಬಿಡು” ಅಂದದ್ದು. ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದಳು. ಮರುದಿನ ಮೊಮ್ಮಗಳು ಕ್ಲಾಸಿನಲ್ಲೂ ಹಾಗೆಯೇ ಹೇಳಿದಳಂತೆ. ಮಾಸ್ತರರು ಮೇಲಿನ ಕ್ಲಾಸಿಗೆ ಕರೆದೊಯ್ದು ಅಲ್ಲೂ ಹೇಳಿಸಿದರಂತೆ. ಅವಳು ಓಡಿ ಬಂದು ಮೊದಲು ಹೊಕ್ಕಿದ್ದು ಎದುರು ಮನೆಗೆ.

ನಾನು ಓಣಿಗೆಲ್ಲ ಬೆಲ್ಲ ಹಂಚಿದೆ. ಹಂಚುತ್ತ ಅತ್ತೆ, ನಕ್ಕೆ, ಒಳಗೊಳಗೇ ಸುಟ್ಟುಕೊಂಡೆ. ಆ ಮುದುಕಿ ನನಗೇಕೆ ಹೊಳೆಯಲಿಲ್ಲ? ಬೀಗನಿಗೂ ಬೆಲ್ಲ ಕೊಟ್ಟೆ, ಚೂರು ಸಣ್ಣದು. ಸಂಜೆ ಅವಳು ಬಂದು ಕೂತು ಹೊಸ ಪಾಠದ ಹಾಳೆ ತಿರುವಿದಳೋ ಇಲ್ಲವೋ, ಬೀಗ ಗಂಟಲು ಸರಿಮಾಡಿಕೊಂಡ. ಅವನಿಗಿಂತ ಮೊದಲೇ ನಾನು ಕೇಳಿಬಿಟ್ಟೆ:

“ಅವ ಯಾಕ ಹಂಗ ಮಾಡಿದ?”

“ಯಾಂವ ಮುತ್ಯಾ? ನಾ ಇನ್ನಾ ಓದೇ ಇಲ್ಲಲ್ಲೋ!”