ಕಾಲುಂಗುರ ಹೇಳದ ಸುದ್ದಿ

ಮೂರು ವರ್ಷದ ಹಿಂದಿನ ಮಾತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದಿದ್ದ ಗೆಡ್ಡೆಯನ್ನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂಗಿನ ಮೂಲಕವೇ ತೆಗೆದರು. ಆ ಗೆಡ್ಡೆ ಅತಿಯಾಗಿ ಸುರಿಸುತ್ತಿದ್ದ ಬೆಳವಣಿಗೆಯ ಹಾರ್ಮೋನಿನ ದೆಸೆಯಿಂದ ನನ್ನ ಕೈಕಾಲು ದಪ್ಪವಾಗಿ, ಚಪ್ಪಲಿ ಎರಡು ನಂಬರ್ ಹೆಚ್ಚಿತ್ತು. ಕಾಲುಂಗುರ ಬಿಚ್ಚಲು ಬಾರದೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಿಕೊಂಡೇ ಆಪರೇಷನ್ನಿಗೆ ಹೋಗಿದ್ದೆ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮನನ್ನು ಕೇಳಿದೆ. "ಮತ್ತೆ ಬತ್ತದಾ ಮೇಡಂ? ಇಲ್ಲ ಅಂತ ಒಂದು ಮಾತು ಹೇಳಿಬುಡಿ."

"ಹಾರ್ಮೋನು ಬಹಳ ಇಳಿದಿದೆ, ಅದು ಒಳ್ಳೆಯದು. ಆದರೆ ರಕ್ತನಾಳದ ಪಕ್ಕ ಒಂದು ಚೂರು ಉಳಿದಿರಬಹುದು. ಅಂದಾಜು ಹೇಳಬಹುದಮ್ಮ, ಆಣೆ ಮಾಡಿ ಹೇಳೋಕಾಗಲ್ಲ. ವರ್ಷ ವರ್ಷ ರಕ್ತ ಪರೀಕ್ಷೆಗೆ ಬರಲೇಬೇಕು" ಎಂದರು. ಇಷ್ಟು ಓದಿದವರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ನನಗೆ ಸಿಟ್ಟೇ ಬಂತು.

ಹಂದನಕೆರೆ ಹತ್ತಿರದ ನಮ್ಮೂರಿಗೆ ಬಂದ ಕೆಲವು ತಿಂಗಳಲ್ಲಿ ಬಾವು ಇಳಿಯಿತು. ಹೊಸ ಕಾಲುಂಗುರ ಮಾಡಿಸಿಕೊಂಡೆ. ದಿನಾ ಸ್ನಾನ ಮಾಡುವಾಗ ತಿರುಗಿಸಿ ನೋಡುತ್ತಿದ್ದೆ. ಸಲೀಸಾಗಿ ತಿರುಗಿದರೆ ಕಾಯಿಲೆ ಇಲ್ಲ ಅಂತ ನನ್ನದೇ ಡಾಕ್ಟರಿಕೆ. ಮೊದಲ ವರ್ಷದ ಪರೀಕ್ಷೆಯೂ ಸರಿಯಾಗಿ ಬಂತು.

ಎರಡನೇ ವರ್ಷದ ತಾರೀಖು ಬಂದಾಗ ಅಟ್ಟದಿಂದ ಒಣಗಿದ ತೆಂಗಿನಕಾಯಿ ಇಳಿಸಿ, ಸುಲಿದು, ಕೊಬ್ಬರಿ ತೆಗೆಯುವ ಕೆಲಸ ನಡೆದಿತ್ತು. "ಉಂಗುರ ಸಡಿಲವಾಗೇ ಐತೆ ಕಣ್ರೀ, ಮುಂದಿನ ವರ್ಷ ಹೋದ್ರಾಯ್ತು" ಎಂದೆ. ಯಜಮಾನರೂ "ಹೂಂ ಬುಡು, ನೋವು ಗೀವು ಏನೂ ಇಲ್ವಲ್ಲ" ಎಂದರು.

ನಮ್ಮ ಯಜಮಾನರು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಹೇಗಿದೆ ಎಂದು ಹೇಳಿಬಿಡುತ್ತಾರೆ. ಆ ಬಗ್ಗೆ ಸ್ವಲ್ಪ ಜಂಭವೂ ಉಂಟು. ಅವತ್ತು ಮಧ್ಯಾಹ್ನ ಒಂದು ಕಾಯಿ ಅಲ್ಲಾಡಿಸಿ, "ಕೇಳಿದ್ಯೇನೇ, ಗಟ್ಟಿ ಉಂಡೆ ಕೊಬ್ಬರಿ" ಎಂದು ಚಿಪ್ಪು ಒಡೆದರು. ಕೊಬ್ಬರಿಯ ಒಂದು ಮಗ್ಗುಲು ಕಪ್ಪಗೆ ಕೊಳೆತಿತ್ತು. ನಾನು ನಕ್ಕೆ. ಅವರು ನಗಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಾಲುಂಗುರವನ್ನೇ ನೋಡುತ್ತಿದ್ದರು.

"ನಾಳೆ ಆಸ್ಪತ್ರೆಗೆ ಹೋಗಾಣ ಕಣೇ."

"ಮತ್ತೆ ಈ ಕೆಲಸ?"

"ಕೆಲ್ಸ ಎಲ್ಲಿಗೂ ಓಡೋಗಲ್ಲ ಬುಡು."

ರಕ್ತ ಪರೀಕ್ಷೆಯಲ್ಲಿ ಹಾರ್ಮೋನು ಏರಿತ್ತು. ಸ್ಕ್ಯಾನಿಂಗ್ ಮಾಡಿಸಿದರೆ ಹಳೇ ಜಾಗದಲ್ಲೇ ಹುರುಳಿ ಕಾಳಿನಷ್ಟು ಗೆಡ್ಡೆ. ನನ್ನ ಉಂಗುರದ ಪರೀಕ್ಷೆಯ ವಿಷಯ ನಾಚಿಕೊಂಡೇ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. "ಉಂಗುರ ಬಿಗಿಯಾಗೋ ಹೊತ್ತಿಗೆ ತಡ ಆಗಿರುತ್ತಮ್ಮ. ರಕ್ತ ಮೊದಲೇ ಹೇಳುತ್ತೆ" ಎಂದರು. ಬೇಗ ಗೊತ್ತಾದದ್ದರಿಂದ ಸದ್ಯಕ್ಕೆ ಆಪರೇಷನ್ ಬೇಡ, ತಿಂಗಳಿಗೊಂದು ಇಂಜೆಕ್ಷನ್ ಸಾಕು ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ, ಮುಂದಿನ ವರ್ಷ ಹೋದರಾಯ್ತು ಎಂದು ನಾನೇ ಬಾಯಿಬಿಟ್ಟು ಹೇಳಿದ್ದನ್ನು ನೆನೆದು ಅಳು ಬಂತು.

ಈಗ ಹಾರ್ಮೋನು ಇಳಿದಿದೆ. ಮತ್ತೆ ಏರುತ್ತದೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ. ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ತಾರೀಖು ಬಂದ ದಿನ ಆ ಭಯವನ್ನೂ ಜೊತೆಗೆ ಕರೆದುಕೊಂಡು ಬೆಳಗಿನ ಬಸ್ಸು ಹತ್ತುತ್ತೇನೆ.