ಚಾಪೆಲ್ಲಿನ ಬೆನ್ನಿಗಿದ್ದ ಮನೆ

ನಾನು ಹತ್ತನೆಯ ತರಗತಿಗೇ ಓದು ನಿಲ್ಲಿಸಿದ್ದು ೧೯೯೯ರಲ್ಲಿ. ಮರದ ನೆಲಕ್ಕೆ ತಿಕ್ಕುವ ಮೇಣದ ವಾಸನೆ ಮೂಗಿಗೆ ಬಡಿದಾಗಲೆಲ್ಲ ಆ ವರ್ಷ ಎದ್ದು ಬರುತ್ತದೆ. ಅಬ್ಬಾನ ಅಂಗಿಯಲ್ಲಿ ಯಾವಾಗಲೂ ಅದೇ ವಾಸನೆ. ಗದಗಿನಿಂದ ಈ ಪರದೇಶಕ್ಕೆ ಬಂದ ಅವರು ಸಮುದ್ರದ ಕೊಲ್ಲಿಯೊಂದರ ದಡದಲ್ಲಿ, ಗುಡ್ಡದ ಮೇಲಿನ ಎಪಿಸ್ಕೋಪಲ್ ಚರ್ಚಿನ ಹೆಣ್ಣುಮಕ್ಕಳ ಶಾಲೆಯೊಂದರ ಕೆಲಸದಾಳು. ಬಾಗಿಲು ತೆಗೆಯುವುದು, ನೆಲ ಒರೆಸುವುದು, ಶಾಲೆಯ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಗಂಟೆ ಬಾರಿಸುವುದು ಎಲ್ಲ ಅವರದೇ. ಚಾಪೆಲ್ಲಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ ನಮ್ಮ ಮನೆ. ಗಂಡುಹುಡುಗನಾದ ನಾನು ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗುತ್ತಿದ್ದೆ. ಆದರೆ ಬೆಳಿಗ್ಗೆ ಅಮ್ಮಿ ರೊಟ್ಟಿ ಬಡಿಯುವ ಸದ್ದಿನೊಳಗೆ ಗೋಡೆಯಾಚೆಯ ಹುಡುಗಿಯರ ಪ್ರಾರ್ಥನೆ ಬೆರೆತು ಬರುತ್ತಿತ್ತು. ಆ ಹಾಡುಗಳೆಲ್ಲ ನನಗೆ ಬಾಯಿಪಾಠ.

ಅಬ್ಬಾ ಚಾಪೆಲ್ಲಿನೊಳಗೆ ಶೂ ಹಾಕಿಕೊಂಡು ಹೋದವರಲ್ಲ. ಯಾರ ದೇವರ ಮನೆಯಾದರೇನು, ಬಾಗಿಲಲ್ಲೇ ಬಿಚ್ಚಿಡುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ, ಕೆಲಸದವರಿಗೆ ಕೃತಜ್ಞತೆ ಹೇಳುವ ದಿನ, ಪ್ರಿನ್ಸಿಪಾಲ್ ಮೇಡಂ ಅಬ್ಬಾನನ್ನು ಚಾಪೆಲ್ಲಿನೊಳಗೆ ಎಲ್ಲರ ಮುಂದೆ ಕರೆದರು. ಹೆಬ್ಬೆರಳು ಇಣುಕುವ ಸಾಕ್ಸಿನಲ್ಲಿ ಅಬ್ಬಾ ಹೋಗಿ ನಿಂತರು. ಹುಡುಗಿಯರು ಕಿಸಕ್ಕನೆ ನಕ್ಕರು. "ಇವರು ನಮ್ಮ ಕುಟುಂಬದವರು," ಎಂದು ಮೇಡಂ ಹೂ ಕೊಟ್ಟು ಚಪ್ಪಾಳೆ ಹೊಡೆಸಿದರು. ಹಿಂದಿನ ಬಾಗಿಲಲ್ಲಿ ನಿಂತು ನಾನು ನೋಡಿದೆ. ಜೂನಿನಲ್ಲಿ ಅದೇ ಮೇಡಂ ಬಂದು ಮನೆ ಖಾಲಿ ಮಾಡಿ ಎಂದರು. ಆ ಜಾಗದಲ್ಲಿ ಡಾನ್ಸ್ ಹಾಲು ಕಟ್ಟಬೇಕಿತ್ತಂತೆ.

"ಕುಟುಂಬದವ್ರು ಅಂದಿದ್ರಲ್ರೀ, ಕುಟುಂಬದವ್ರನ್ನ ಹಿಂಗ ಹೊರಗ ಹಾಕ್ತಾರೇನು?" ಎಂದಳು ಅಮ್ಮಿ.

"ಸುಮ್ನಿರ. ಕೆಲಸರ ಉಳದೈತಿ."

"ನಿಮಗ ಚಪ್ಪಾಳಿ ಸಾಕಾತು. ನನಗ ಒಲಿ ಬೇಕ್ರೀ."

ಬಾಡಿಗೆ ಕೈಗೆಟುಕಿದ್ದು ದೂರದ ಊರಾದ ಗಿಲ್‌ರಾಯ್‌ನಲ್ಲಿ. ಅಬ್ಬಾ ನಸುಕಿನಲ್ಲೇ ಫ್ರೀವೇ ಹಿಡಿದು ಅದೇ ಗಂಟೆ ಬಾರಿಸಲು ಹೋಗುತ್ತಿದ್ದರು. ಅವರೊಬ್ಬರ ಸಂಬಳ ಸಾಲಲಿಲ್ಲ. ನಾನು ಪುಸ್ತಕ ಎತ್ತಿಟ್ಟು ನೆಲ ಹಾಸುವವರ ಜೊತೆ ಸೇರಿದೆ. ಅಬ್ಬಾ ತೀರಿಕೊಂಡಾಗ ಶಾಲೆಯಿಂದ ಹೂ ಬಂತು. ಅಮ್ಮಿ ಅದನ್ನು ಹೊಸಿಲು ದಾಟಿಸಲಿಲ್ಲ. ಈಗ ಅವಳೂ ಇಲ್ಲ. ಇದ್ದ ಮನೆಯನ್ನು ಹೀಗೆ ಕಳೆದುಕೊಂಡವರು ನೀವಾಗಿದ್ದರೆ, ಈ ಸಿಟ್ಟಿಗೆ ವಯಸ್ಸಾಗುವುದಿಲ್ಲವೆಂದು ನಿಮಗೂ ಗೊತ್ತಿರುತ್ತದೆ.

ಹೋದ ತಿಂಗಳು ಆ ಡಾನ್ಸ್ ಹಾಲಿನ ನೆಲ ಕಿತ್ತು ಹೊಸದು ಹಾಕಬೇಕೆಂದು ನನಗೇ ಕರೆ ಬಂತು. ನಾನು ಯಾರ ಮಗನೆಂದು ಅವರಿಗೆ ತಿಳಿಯದು. ಬಾಗಿಲಲ್ಲಿ ಬೋರ್ಡು: ದಯವಿಟ್ಟು ಶೂ ಬಿಚ್ಚಿ. ಅಂದು ಅಬ್ಬಾನ ಸಾಕ್ಸಿಗೆ ನಕ್ಕ ಶಾಲೆಯೇ ಇಂದು ನನಗೆ ಹೇಳಿಕೊಡುತ್ತಿದೆ! ಆದರೂ ಬಿಚ್ಚಿದೆ, ಯಾಕೆಂದರೆ ಆ ಹಾಲಿನ ಎಡಮೂಲೆಯಲ್ಲೇ ಮೊದಲು ಅಮ್ಮಿಯ ಒಲೆ ಇತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಹೊರಟು ಬಂದೆ.

ಈಗ ನನಗಿರುವುದು ಇಷ್ಟು: ಒಂದು ಟ್ರಕ್ಕು, ಮೂವರು ಕೆಲಸಗಾರರು, ಗಿಲ್‌ರಾಯ್‌ನಲ್ಲಿ ಸ್ವಂತ ಮನೆ, ನೋಯುವ ಎರಡು ಮಂಡಿ, ಅಬ್ಬಾನ ಒಂದು ಜೊತೆ ಶೂ.