ಭಾವನ ಮರದ ಕಾರು

ಕಳೆದ ತಿಂಗಳು ಹಳೆಯ ಹಾರ್ಮೋನಿಯಂ ರಿಪೇರಿಗೆಂದು ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಮೂಲೆಯಲ್ಲಿ ಡಬ್ಬಿಯೊಳಗೆ ಏನೋ ಕುದಿಸುತ್ತಿದ್ದ. ಚರ್ಮದಿಂದ ಮಾಡುವ, ಹಳೆಯ ಕಾಲದ ಮರಗೆಲಸದ ಅಂಟು. ಆ ನಾತ ಮೂಗಿಗೆ ಬಡಿದದ್ದೇ ತಡ, ಇಷ್ಟು ವರ್ಷಗಳ ಮೇಲೂ ನನ್ನ ಮೈಯೆಲ್ಲ ಉರಿದುಹೋಯಿತು, ಭಾವನ ಮೇಲೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹಾಗನ್ನುವವರು ನಮ್ಮ ಭಾವನನ್ನು ನೋಡಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಎಂಬತ್ತರ ದಶಕದಲ್ಲಿ ಚಿಂತಾಮಣಿಯಲ್ಲಿ ಸಾಮಿಲ್ ಇಟ್ಟುಕೊಂಡಿದ್ದರು. ಊರಿನವರ ಬಾಗಿಲು ಕಿಟಕಿಗೆಲ್ಲ ಮರ ಕೊಯ್ದುಕೊಡುತ್ತಿದ್ದ ಮನುಷ್ಯನ ಸ್ವಂತ ಮನೆಗೆ ಮುಂಬಾಗಿಲಿರಲಿಲ್ಲ. ಗೃಹಪ್ರವೇಶವಾಗಿ ಎಷ್ಟೋ ಕಾಲವಾದರೂ ಬಾಗಿಲ ಜಾಗದಲ್ಲಿ ಗೋಣಿತಾಟು ನೇತಾಡುತ್ತಿತ್ತು. ಬಾಗಿಲಿಗೆಂದು ಅಕ್ಕ ತಾನೇ ಆರಿಸಿ ಒಣಗಲು ಇಟ್ಟಿದ್ದ ಹೊನ್ನೆ ಹಲಗೆಗಳೆಲ್ಲ ಭಾವನ ಕಾರಿಗೆ ಹೋಗಿದ್ದವು.

ಹೌದು, ಕಾರು. ಮರದ್ದು. ಆಟದ ಸಾಮಾನಲ್ಲ, ಓಡುವಂಥದ್ದು, ಅದೂ ಎಲ್ಲ ಕಾರುಗಳಿಗಿಂತ ಜೋರಾಗಿ ಓಡುವಂಥದ್ದು... "ಕಬ್ಬಿಣ ಅಂದ್ರೆ ಭಾರ ಕಣಮ್ಮ. ಭಾರ ಇಳಿಸಿದ್ರೆ ವೇಗ ತಾನಾಗೇ ಬರ್ತದೆ" ಅನ್ನುತ್ತಿದ್ದರು. ಗುಜರಿಯಿಂದ ಇಂಜಿನ್ನು, ಚಕ್ರ ತಂದರು. ಚೌಕಟ್ಟಿಗೆ ಹೊನ್ನೆ. ಮೈಗೆ ಸಿಲ್ವರ್ ಓಕ್ ಮರದ ತೆಳ್ಳನೆಯ ಪಟ್ಟಿಗಳು, ಒಂದರ ಮೇಲೊಂದು ಅಂಟಿಸಿದ್ದು. ಪಟ್ಟಿಗಳು ಬಾಗಲಿ ಎಂದು ಬಚ್ಚಲಿನ ಹಂಡೆಯಲ್ಲಿ ನೆನೆಹಾಕುತ್ತಿದ್ದರು. ಮನೆಮಂದಿ ಕಷಾಯದ ಬಣ್ಣದ ನೀರಿನಲ್ಲಿ ಸ್ನಾನ ಮಾಡಬೇಕು. ಅಂಟು ಕುದಿಸುವುದೋ, ಅಡುಗೆಮನೆಯ ಒಲೆಯ ಮೇಲೆ, ಹಾಲಿನ ಪಾತ್ರೆಯಲ್ಲಿ! ಅದು ಚರ್ಮದ ಅಂಟು ಎಂದು ಗೊತ್ತಾದ ದಿನ ಅಕ್ಕ ಭಾವನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳುತ್ತಿದ್ದಳು.

ಸುದ್ದಿ ಮಂಡಿಕಲ್ಲಿನಲ್ಲಿದ್ದ ಅಮ್ಮನಿಗೆ ತಲುಪಿತು. "ಹೋಗಿ ಅವಳನ್ನ ಕರ್ಕೊಂಡು ಬಾರೇ. ಬಾಗಿಲಿಲ್ಲದ ಮನೇಲಿ ಯಾವ ಹೆಂಗಸು ಬಾಳ್ತಾಳೆ?" ಎಂದು ಅಮ್ಮ ನನ್ನನ್ನು ಅಟ್ಟಿದಳು. ನಾನಾಗ ಸ್ಕೂಲಿನಲ್ಲಿ ಮೇಡಮ್ಮು. ಭಾನುವಾರ ನೋಡಿಕೊಂಡು ಹೋದೆ. ಅಕ್ಕನ ಟ್ರಂಕು ಸಿದ್ಧವಾಗಿತ್ತು. ಭಾವ ಅಂಗಳದಲ್ಲಿ ಕಾರಿಗೆ ವಾರ್ನಿಶ್ ಉಜ್ಜುತ್ತಿದ್ದರು. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು. ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿ, ಮೀನಿನ ಹಾಗೆ ಮೂಗು ಚೂಪಾಗಿ, ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಸರಿಯಾದ ಹೊತ್ತಿಗೆ ಬಂದೆ ನೋಡಮ್ಮ. ಶಿಡ್ಲಘಟ್ಟಕ್ಕೆ ಹೋಗಿ ಬರಣ, ಆಮೇಲೆ ನಿಮ್ಮಕ್ಕನ್ನ ಕರ್ಕೊಂಡು ಹೋಗುವಂತೆ" ಎಂದರು.

"ನಾನು ಬಂದಿರೋದು ಪಂಚಾಯ್ತಿಗೆ ಭಾವ, ಸವಾರಿಗಲ್ಲ. ಮೋಡ ಬೇರೆ ಆಗಿದೆ. ಆ ಅಂಟು ನೀರಿಗೆ ತಡೀತದಾ?"

"ಮೇಲೆ ವಾರ್ನಿಶ್ ಇದೆಯಲ್ಲಮ್ಮ!"

ನೀರಿಗೆ ಬಿಡದ ಹೊಸ ಅಂಟು ಬಂದಿದೆ ಎಂದು ಊರಿನ ಆಚಾರಿಗಳೆಲ್ಲ ಹೇಳಿದ್ದರು. ಕೇಳಬೇಕಲ್ಲ! ಗೋಣಿತಾಟಿನ ಹಿಂದಿನಿಂದ ಅಕ್ಕನ ದನಿ ಬಂತು: "ಹೋಗೇ, ಹೋಗು. ಅದು ಬಿದ್ದೋಗೋದನ್ನ ಒಬ್ರಾದ್ರೂ ಕಣ್ಣಾರೆ ನೋಡ್ಲಿ."

ಕೂತೆ. ಊರು ದಾಟಿದ ಮೇಲೆ ಭಾವ ಕಾಲು ಒತ್ತಿದರು ನೋಡಿ... ತಂಬೂರಿಯ ಹೊಟ್ಟೆಯೊಳಗೆ ಕೂತ ಹಾಗೆ ಇಡೀ ಕಾರು ಗುಂಯ್‌ಗುಟ್ಟತೊಡಗಿತು. ಮುಂದೆ ಹೋಗುತ್ತಿದ್ದ ಬಸ್ಸನ್ನು ಹಿಡಿದೆವು. ಕಂಡಕ್ಟರ್ ಬಾಗಿಲಲ್ಲಿ ನೇತುಬಿದ್ದು, "ಏಂ ಸಾರ್, ಇದಿ ಕಾರಾ, ಮಂಚಮಾ?" ಎಂದು ತೆಲುಗಿನಲ್ಲಿ ಕೂಗಿದ. ಭಾವ ಬಸ್ಸನ್ನು ಹಿಂದೆ ಹಾಕಿದರು. ನನ್ನ ತುರುಬು ಬಿಚ್ಚಿಹೋಗಿತ್ತು. "ನಿಧಾನ ಭಾವ, ನಿಧಾನ" ಎಂದು ಕಿರುಚುತ್ತಿದ್ದೆ. ಒಳಗೊಳಗೆ ಇನ್ನೂ ಜೋರಾಗಿ ಹೋಗಲಿ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ಜನ ಮುತ್ತಿಕೊಂಡರು. ರೇಷ್ಮೆ ಬಿಚ್ಚುವ ಸಾಬರೊಬ್ಬರು ಕಾರಿನ ಮೈ ಸವರಿ, "ಮಾಶಾಲ್ಲಾ" ಎಂದು, "ಮಳೆಗಾಲ್ದಲ್ಲಿ ಹೆಂಗೆ ಸಾರ್?" ಎಂದು ಕೇಳಿದರು. ಭಾವನಿಗೆ ಕೇಳಿಸಲಿಲ್ಲ. ಅವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತಿತ್ತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಮೊದಲು ಮೂಗಿನ ಹತ್ತಿರ ಒಂದು ಪಟ್ಟಿ ಎದ್ದಿತು. ಆಮೇಲೆ ಈರುಳ್ಳಿ ಸುಲಿದ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡು ರಸ್ತೆಗೆ ಉದುರತೊಡಗಿತು. "ಇಂಜಿನ್ ಚೆನ್ನಾಗಿದೆ" ಎನ್ನುತ್ತಲೇ ಇದ್ದರು ಭಾವ. ಮನೆ ಮುಟ್ಟುವ ಹೊತ್ತಿಗೆ ಚೌಕಟ್ಟು, ಇಂಜಿನ್ನು, ತೊಯ್ದು ತೊಪ್ಪೆಯಾದ ನಾವಿಬ್ಬರು, ಇಷ್ಟೇ ಉಳಿದಿದ್ದೆವು. ಹಿಂದೆಯೇ ಅದೇ ಬಸ್ಸು ವಾಪಸು ಬಂತು. ದಾರಿಯಲ್ಲಿ ಬಿದ್ದ ಪಟ್ಟಿಗಳನ್ನೆಲ್ಲ ಕಂಡಕ್ಟರ್ ಆರಿಸಿ ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ. ಒಂದೊಂದೇ ಇಳಿಸಿ ಅಂಗಳದಲ್ಲಿಟ್ಟ. ಈ ಸಲ ತಮಾಷೆ ಮಾಡಲಿಲ್ಲ.

ನಾನು ಕಾರಿನಿಂದ ಇಳಿದು, "ನಡಿ ಅಕ್ಕ, ಈಗ್ಲೇ ಹೊರಡಣ" ಎಂದೆ. ಗೋಣಿತಾಟು ಸರಿಸಿ ನಿಂತಿದ್ದ ಅಕ್ಕ ಕದಲಲಿಲ್ಲ. ಭಾವ ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು. "ಕಾರೂ ಹೋಯ್ತು, ನಿನ್ನ ಬಾಗಿಲೂ ಹೋಯ್ತು ಕಣೇ" ಎಂದರು, ಅಷ್ಟೇ.

ಅಕ್ಕ ನನ್ನ ಕಡೆ ತಿರುಗಿದಳು. "ಬಸ್ಸನ್ನ ಹಿಂದಾಕ್ತಾ?"

"ಹಾಕ್ತು."

"ನಿಜವಾಗ್ಲೂ?"

"ನಿಜವಾಗ್ಲೂ ಕಣಕ್ಕ."

ಅವಳು ಸೆರಗು ಸಿಕ್ಕಿಸಿಕೊಂಡು ಮಳೆಗಿಳಿದು ಪಟ್ಟಿಗಳನ್ನು ಬಾಚಿಕೊಂಡಳು. "ನೋಡ್ತಾ ಕೂತ್ರೆ ಮರ ನೆನೆಯಲ್ವಾ? ಇಳೀರಿ!" ಎಂದು ಗದರಿದಳು. ಎಷ್ಟೋ ತಿಂಗಳ ಮೇಲೆ ಗಂಡನಿಗೆ ನೇರವಾಗಿ ಆಡಿದ ಮಾತು ಅದು. ನಾನು ಒಬ್ಬಳೇ ಮಂಡಿಕಲ್ಲಿಗೆ ಹೋಗಿ ಅಮ್ಮನಿಂದ ಬೈಸಿಕೊಂಡೆ.

ಮನೆಗೆ ಬೇವಿನ ಬಾಗಿಲು ಬಂತು. ಭಾವ ಒಳ್ಳೆಯ ಅಂಟು ತಂದು ಮತ್ತೆ ಕಾರಿಗೆ ಕೈಹಾಕಿದರು. ಅದು ಮುಗಿಯಲಿಲ್ಲ... ತೊಂಬತ್ತರ ದಶಕದ ನಡುವೆ, ಒಂದು ಮಧ್ಯಾಹ್ನ, ಸಾಮಿಲ್ಲಿನಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಸಾಮಿಲ್ಲು ಮಾರಿದಾಗ ಚೌಕಟ್ಟೂ ಅದರ ಜೊತೆಗೇ ಹೋಯಿತು.

ಅಕ್ಕ ಈಗ ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಂಗಡಿಯಿಂದ ಬಂದ ಸಂಜೆ ಫೋನ್ ಮಾಡಿ, "ಇವತ್ತು ಭಾವನ್ನ ಚೆನ್ನಾಗಿ ಬೈಕೊಂಡೆ ಕಣಕ್ಕ" ಎಂದೆ.

"ಬೈಬೇಕಾದ್ದೇ. ಇದ್ದಿದ್ರೆ ಇನ್ನೊಂದು ಮನೆ ಮರ ಹಾಳುಮಾಡಿರೋರು" ಎಂದು ನಕ್ಕಳು. ನಾನು ಫೋನ್ ಇಡಲು ಹೋದರೆ, ತಡೆದಳು.

"ನಾನು ಒಂದ್ಸಲಾನೂ ಆ ಕಾರಲ್ಲಿ ಕೂರ್ಲೇ ಇಲ್ಲ ಕಣೇ" ಎಂದಳು.